ಮೊದಲು ಮರಳುವ ಭಾಷೆ ಯಾವುದು?

ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ 1247ರ ಒಂದು ಶಾಸನ ಇದೆ. ಬೇಗೂರಿನವನೊಬ್ಬ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದಾನ ಕೊಟ್ಟ ಲೆಕ್ಕ ಅದು. ಭಾಷೆ ತಮಿಳು. ಅಂದರೆ ನಮ್ಮ ಏರಿಯಾದಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಓಡಾಡೋದು ಐಟಿ ಕಂಪನಿಗಳು ಬಂದಮೇಲೆ ಶುರುವಾದದ್ದಲ್ಲ. ಇವತ್ತೂ ಇಲ್ಲಿನ ಮಾರ್ಕೆಟ್ಟಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿ, ಬೇಕರಿಯವನ ಮಲಯಾಳಂ ಕೇಳಿಸಿಕೊಂಡು, ಮನೆಗೆ ಹೋಗಿ ತೆಲುಗಲ್ಲೋ ತಮಿಳಲ್ಲೋ ಊಟಕ್ಕೆ ಕರೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಆಫೀಸಿಗೆ ಇಂಗ್ಲಿಷ್ ಬೇರೆ.

ಇಂಥವರಿಗೆ ಲಕ್ವ ಹೊಡೆದು ಮಾತು ನಿಂತರೆ, ಯಾವ ಭಾಷೆ ಮೊದಲು ವಾಪಸ್ ಬರುತ್ತೆ? ಪ್ರಶ್ನೆ ಹಳೆಯದು, ನಮ್ಮ ಊರಿಗೆ ಇನ್ನೂ ಬಿಸಿಯಾಗೇ ಇದೆ.

ಕತೆ ಪ್ಯಾರಿಸ್ಸಿನಿಂದ ಶುರು. 1861ರಲ್ಲಿ ಪಾಲ್ ಬ್ರೋಕಾ ಎಂಬ ಸರ್ಜನ್ ಹತ್ತಿರ ಲೆಬೋರ್ಞ್ ಎಂಬ ರೋಗಿ ಬಂದ. 21 ವರ್ಷದಿಂದ ಆಸ್ಪತ್ರೆಯಲ್ಲೇ ಇದ್ದವನು. ಏನು ಕೇಳಿದರೂ ಬಾಯಿಂದ ಬರುತ್ತಿದ್ದದ್ದು 'ಟಾನ್ ಟಾನ್' ಅಷ್ಟೇ. ಹೇಳಿದ್ದು ಮಾತ್ರ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಅವನು ಸತ್ತ ಮೇಲೆ ಮಿದುಳು ನೋಡಿದರೆ ಎಡಭಾಗದ ಮುಂದುಗಡೆ ಹಾಳಾಗಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಇದರ ಉಲ್ಟಾ ಥರದ ರೋಗಿಗಳನ್ನು ವಿವರಿಸಿದ. ಇವರು ಸರಾಗವಾಗಿ ಮಾತಾಡ್ತಾರೆ, ಮಾತಿಗೆ ಅರ್ಥ ಇರಲ್ಲ, ಎದುರಿನವರು ಹೇಳಿದ್ದೂ ತಲೆಗೆ ಹತ್ತಲ್ಲ. ಈ ತೊಂದರೆಗಳಿಗೆಲ್ಲ ಸೇರಿಸಿ ಇಟ್ಟ ಹೆಸರು ಅಫೇಸಿಯಾ. ಬುದ್ಧಿ ಹೋಗಿದೆ ಅಂತಲ್ಲ, ಬುದ್ಧಿಗೂ ಮಾತಿಗೂ ನಡುವಿನ ದಾರಿ ಕೆಟ್ಟಿದೆ ಅಂತ.

ಇಲ್ಲಿಂದ ಜಗಳ ಶುರುವಾಯ್ತು. ಹಳೆಯ ನೆನಪು ಗಟ್ಟಿ, ಹೊಸದು ಮೊದಲು ಅಳಿಯುತ್ತೆ ಅಂತ 1881ರಲ್ಲಿ ರಿಬೋ ಹೇಳಿದ್ದ. ಆ ಲೆಕ್ಕದಲ್ಲಿ ತಾಯ್ನುಡಿ ಉಳಿಯಬೇಕು. 1895ರಲ್ಲಿ ಪೀತ್ರ್ ಬಂದು, ಹಾಗಲ್ಲ, ಕಾಯಿಲೆ ಬೀಳುವ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಮೊದಲು ಮರಳುತ್ತೆ ಅಂದ. ಆಮೇಲಿನ ನೂರು ವರ್ಷದ ಕೇಸುಗಳನ್ನು ನೋಡಿದರೆ ಇಬ್ಬರೂ ಅರ್ಧ ಸರಿ. ಕೆಲವರಿಗೆ ಎಲ್ಲ ಭಾಷೆಯೂ ಒಟ್ಟಿಗೆ ಮರಳುತ್ತೆ, ಕೆಲವರಿಗೆ ಒಂದು ಬಂದು ಇನ್ನೊಂದು ಬರೋದೇ ಇಲ್ಲ, ಮತ್ತೆ ಕೆಲವರಿಗೆ ಬೇಡ ಅಂದರೂ ಎಲ್ಲ ಕಲಸುಮೇಲೋಗರ.

ನಮ್ಮ ಕಡೆಯ ಅಧ್ಯಾಯ ಶುರುವಾದದ್ದು ತಡವಾಗಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿತು. ನಮ್ಮದೇ ಹೊಸೂರು ರಸ್ತೆಯಲ್ಲಿ ಡೇರಿ ಸರ್ಕಲ್ ದಾಟಿದರೆ ಸಿಗುವ ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. 1981ರಲ್ಲಿ ಪ್ರತಿಭಾ ಕಾರಂತ್ ಅವರು 'ಕಾರ್ಟೆಕ್ಸ್' ಪತ್ರಿಕೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬ ರೋಗಿಯ ಬಗ್ಗೆ ಬರೆದರು. ಆ ತೊಂದರೆಯ ಹೆಸರು ಶುದ್ಧ ಅಲೆಕ್ಸಿಯಾ. ಇದು ಬಂದವರು ಮಾತಾಡಬಲ್ಲರು, ಬರೆಯಲೂ ಬಲ್ಲರು, ಆದರೆ ತಾವೇ ಬರೆದದ್ದನ್ನು ಓದಲಾರರು! ಫ್ರಾನ್ಸಿನಲ್ಲಿ ದೆಜೆರಿನ್ 1892ರಲ್ಲೇ ಇಂಥವರನ್ನು ವಿವರಿಸಿದ್ದ. ಕನ್ನಡದ ಕೇಸು ಯಾಕೆ ಮುಖ್ಯ ಅಂದರೆ, ನಮ್ಮ ಲಿಪಿ ಬೇರೆ ಥರ. ಇಂಗ್ಲಿಷಿನಲ್ಲಿ ವ್ಯಂಜನ, ಸ್ವರ ಎರಡೂ ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಸ್ವರ ಗುಣಿತವಾಗಿ ವ್ಯಂಜನಕ್ಕೇ ಅಂಟಿಕೊಳ್ಳುತ್ತೆ, ಒತ್ತಕ್ಷರ ಕೆಳಗೆ ಹೋಗುತ್ತೆ. ಓದುವ ಮಿದುಳಿನ ಬಗ್ಗೆ ಬರೀ ರೋಮನ್ ಲಿಪಿಯವರನ್ನು ನೋಡಿ ಕಟ್ಟಿದ ಸಿದ್ಧಾಂತ ನಮಗೆ ಎಷ್ಟು ಒಪ್ಪುತ್ತೆ ಅನ್ನೋದನ್ನು ನಾವೇ ನೋಡಬೇಕಿತ್ತು.

ಪರೀಕ್ಷೆಗಳದ್ದೂ ಅದೇ ಪಾಡು. ಇಂಗ್ಲಿಷ್ ಪರೀಕ್ಷೆಗಳಲ್ಲಿ 'ನೋ ಇಫ್ಸ್, ಆಂಡ್ಸ್ ಆರ್ ಬಟ್ಸ್' ಅಂತ ರೋಗಿಯ ಕೈಲಿ ಹೇಳಿಸ್ತಾರೆ. ಅರ್ಥ ಕಡಿಮೆ, ವ್ಯಾಕರಣದ ಸಣ್ಣ ಪದಗಳೇ ಜಾಸ್ತಿ ಇರೋದರಿಂದ ನಾಲಿಗೆ ತಡವರಿಸುತ್ತೆ. ಇದನ್ನು ಕನ್ನಡ ಮಾಡಿ ನೋಡೋಣ. ನಮ್ಮ 'ಇಫ್' ಬಿಡಿಯಾಗಿ ನಿಲ್ಲೋದೇ ಇಲ್ಲ, 'ಬಂದರೆ' ಅನ್ನುವಾಗ ಬಾಲದಂತೆ ಕೂತಿರುತ್ತೆ. 'ಆಂಡ್' ಕೂಡ 'ನಾನೂ ನೀನೂ' ಅನ್ನುವಲ್ಲಿ ಒಂದು ದೀರ್ಘ ಅಷ್ಟೇ. ಬಂದೆ, ಬಂದಳು, ಬಂದವು ಅಂತ ಕ್ರಿಯಾಪದದ ತುದಿಯಲ್ಲೇ ಯಾರು ಬಂದದ್ದು ಅಂತ ತಿಳಿಯುತ್ತೆ. ಹಾಗಾಗಿ ವ್ಯಾಕರಣ ಕಳಚಿ ಬಿದ್ದಾಗ ಕನ್ನಡಿಗನ ಮಾತು ಮುರಿಯುವ ಜಾಗವೇ ಬೇರೆ. ಪದಕ್ಕೆ ಪದ ಇಟ್ಟರೆ ಪರೀಕ್ಷೆ ಆಗಲ್ಲ, ಹೊಸದಾಗಿ ಕಟ್ಟಬೇಕು. ಕೆನಡಾದ ಕರ್ಟೆಜ್ ರೂಪಿಸಿದ್ದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ಅಂಕಿಅಂಶಗಳನ್ನು ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರು ಪ್ರಕಟಿಸಿದ್ದು 2008ರಲ್ಲಿ. ಬ್ರೋಕಾನಿಂದ ಲೆಕ್ಕ ಹಾಕಿದರೆ 147 ವರ್ಷ!

ಹಲವು ಭಾಷೆ ಗೊತ್ತಿರೋದು ಹೊರೆಯೋ ವರವೋ? ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ ಪಾರ್ಶ್ವವಾಯು ಆದ 608 ಜನರ ದಾಖಲೆ ನೋಡಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಮೇಲೂ ಯೋಚನಾಶಕ್ತಿ ಸರಿಯಾಗಿ ಉಳಿದದ್ದು ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ 40.5%, ಒಂದೇ ಭಾಷೆಯವರಲ್ಲಿ 19.6%. ಆದರೆ ಮಾತು ಹೋಗುವ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಾಲ್ಕು ಭಾಷೆ ಬಂದರೆ ಅಫೇಸಿಯಾ ಬರಲ್ಲ ಅಂತ ಭರವಸೆ ಏನಿಲ್ಲ.

ಇದೆಲ್ಲ ನಮಗ್ಯಾಕೆ ಅಂತೀರಾ? ನಮ್ಮ ಅಪ್ಪ ಅಮ್ಮಂದಿರಿಗೆ ವಯಸ್ಸಾಗ್ತಿದೆ, ಆಸ್ಪತ್ರೆಯಲ್ಲಿ ಫಾರ್ಮ್ ತುಂಬೋದು ನಾವು. 'ಮಾತೃಭಾಷೆ' ಅಂತ ಇರುವ ಒಂದೇ ಖಾಲಿ ಜಾಗದಲ್ಲಿ ಒಂದು ಹೆಸರು ಬರೆದು ಮುಗಿಸಬೇಡಿ. ಅಪ್ಪ ಅಂಗಡಿಯಲ್ಲಿ ಯಾವ ಭಾಷೆ ಆಡ್ತಿದ್ದರು, ಅಮ್ಮನ ಜೊತೆ ಯಾವುದು, ಪೇಪರ್ ಓದೋದು ಯಾವುದರಲ್ಲಿ, ಸಿಟ್ಟು ಬಂದರೆ ಬೈಯೋದು ಯಾವುದರಲ್ಲಿ, ಎಲ್ಲ ಸ್ಪೀಚ್ ಥೆರಪಿಸ್ಟಿಗೆ ಹೇಳಿ. ತಮಾಷೆಗೆ ಹೇಳ್ತಿಲ್ಲ. ಬೈಗುಳ, ಮಗ್ಗಿ, ವಾರದ ಹೆಸರು, ಬಾಯಿಪಾಠದ ದೇವರನಾಮ ಇವೆಲ್ಲ ಎಷ್ಟೋ ಸಲ ಬೇರೆ ಮಾತು ಹೋದಮೇಲೂ ಉಳಿದಿರುತ್ತವೆ. 1973ರಲ್ಲಿ ಬಾಸ್ಟನ್ನಿನವರು ಹಾಡಿನ ಧಾಟಿಯಲ್ಲೇ ಮಾತು ಕಲಿಸುವ ಚಿಕಿತ್ಸೆಯನ್ನು ಮುಂದಿಟ್ಟರು. ಹಾಡಬಲ್ಲ ರೋಗಿಗೆ ಹೇಳಲಾಗದ ಸ್ಥಿತಿ ಇದೆ ಅಂತ ಅವರು ಕಂಡಿದ್ದರು.

ಅದಕ್ಕೂ ಮೊದಲಿನ ಮಾತು: ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, 'ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ' ಅನ್ನಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನೂ ಅದರಲ್ಲೇ ಕಳೀಬೇಕು.