ಕಂಪನಿ ಬಿಟ್ಟವರು

ಕಳೆದ ತಿಂಗಳು ನಮ್ಮ ಟೀಮಿನ ಹುಡುಗಿಯೊಬ್ಬಳು ಪೇಪರ್ ಹಾಕಿದಳು. ಅವಳ ಲೀಡ್ ನಾನೇ. ನನ್ನ ಬಾಯಿಂದ ಬಂದ ಮೊದಲ ಮಾತು: 'ಮತ್ತೆ ಮುಂದಿನ ರಿಲೀಸ್ ಯಾರು ನೋಡ್ಕೊಳ್ತಾರೆ?' ರಾತ್ರಿ ಸದಾಶಿವನಗರದ ಮನೆಯಲ್ಲಿ ಊಟಕ್ಕೆ ಕೂತಾಗ ಈ ವಿಷಯ ಹೇಳಿದೆ. ಅಪ್ಪ ಕೇಳಿದ್ದು ಒಂದೇ: 'ಯಾಕೆ ಬಿಡ್ತಾಳಂತೆ?' ಅದನ್ನ ನಾನು ಕೇಳಿಯೇ ಇರಲಿಲ್ಲ.

ಟೀಮ್ ಕಳ್ಕೊಂಡ ಮ್ಯಾನೇಜರ್‌ಗಳ ಪಟ್ಟಿ ಮಾಡಿದರೆ ಮೊದಲು ಬರೋ ಹೆಸರು ವಿಲಿಯಂ ಶಾಕ್ಲಿ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರು. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲ್ಯಾಬ್ ತೆರೆದರು. ಅದೇ ವರ್ಷ ನೊಬೆಲ್ ಕೂಡ ಬಂತು. ಆ ಹೆಸರು ಕೇಳಿ ಅಮೆರಿಕದ ಅತ್ಯುತ್ತಮ ಹುಡುಗರು ಬಂದು ಸೇರಿದರು. ಆದರೆ ಶಾಕ್ಲಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅವರು ಮಾಡಿದ ಕೆಲಸ ಸರಿಯೋ ತಪ್ಪೋ ಅಂತ ತಮ್ಮ ಹಳೇ ಲ್ಯಾಬಿಗೆ ಫೋನ್ ಮಾಡಿ ವಿಚಾರಿಸ್ತಿದ್ದರು. ಆಫೀಸಲ್ಲಿ ಒಬ್ಬರ ಕೈಗೆ ಪಿನ್ ಚುಚ್ಚಿದ್ದಕ್ಕೆ ಸುಳ್ಳು ಪತ್ತೆ ಪರೀಕ್ಷೆ ಮಾಡಿಸಲು ಹೊರಟರು. ಸಿಲಿಕಾನ್ ಟ್ರಾನ್ಸಿಸ್ಟರ್ ಮಾಡೋಣ ಅಂತ ಟೀಮ್ ಅಂದರೆ, ಇವರು ತಮ್ಮದೇ ಕಲ್ಪನೆಯ ಡಯೋಡಿನ ಹಿಂದೆ ಬಿದ್ದರು.

ಹುಡುಗರು ತಕ್ಷಣ ಓಡಿಹೋಗಲಿಲ್ಲ. ದುಡ್ಡು ಹಾಕಿದ್ದ ಬೆಕ್‌ಮನ್ ಹತ್ತಿರ ಹೋಗಿ, ಬೇರೆ ಮ್ಯಾನೇಜರ್ ಕೊಡಿ ಅಂತ ಕೇಳಿದರು. ಅವರು ಕೊನೆಗೆ ಶಾಕ್ಲಿ ಪರವೇ ನಿಂತರು. 1957ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಒಟ್ಟಿಗೆ ರಾಜೀನಾಮೆ ಕೊಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ನೋಯ್ಸ್, ಮೂರ್ ಇಬ್ಬರೂ 1968ರಲ್ಲಿ ಇಂಟೆಲ್ ಶುರು ಮಾಡಿದರು. ಬಿಟ್ಟುಹೋದ ಎಂಟು ಜನಕ್ಕೆ ಅಂಟಿಕೊಂಡ ಹೆಸರು 'ದ್ರೋಹಿಗಳು'. ಶಾಕ್ಲಿಯ ಲ್ಯಾಬ್ 1960ರಲ್ಲಿ ಬೇರೆಯವರ ಪಾಲಾಯ್ತು.

ಇನ್ನೊಂದು ಕಂಪನಿ ನಮ್ಮೂರಿಂದ 20 ಕಿಲೋಮೀಟರ್ ದೂರದ್ದು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ. ಅದರ ಮಾಲೀಕ ಗುಬ್ಬಿ ವೀರಣ್ಣ, ಅಲ್ಲೇ ಬಾಲನಟನಾಗಿ ಬೆಳೆದವರು. ಅವರನ್ನೂ ಜನ ಬಿಟ್ಟು ಹೋದರು. ಮನೆಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ಬನಾರಸ್‌ಗೆ ಎಂ.ಎ. ಓದಲು ಕಳಿಸಿದ್ದು ವೀರಣ್ಣನವರೇ. ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನ ರಂಗಾಯಣ ಕಟ್ಟಿದರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕರಾದರು, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆಗಿದ್ದರು. ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಆ ಚಿತ್ರದ ನಿರ್ಮಾಣದಲ್ಲೂ ವೀರಣ್ಣನವರ ಸಂಸ್ಥೆಯೇ ಇತ್ತು. ಅಂದರೆ ತಮ್ಮ ನಟರು ಸಿನಿಮಾಗೆ ಹೋಗೋ ಬಾಗಿಲನ್ನು ಮಾಲೀಕರೇ ತೆಗೆದುಕೊಟ್ಟ ಹಾಗಾಯ್ತು.

ಒಳ್ಳೆ ಕೆಲಸಗಾರರು ಎರಡೂ ಕಡೆ ಹೋದರು. ಒಂದು ಕಡೆ, ಹೇಳಿದ್ದನ್ನ ಯಾರೂ ಕೇಳಲಿಲ್ಲ ಅಂತ ಹೋದರು. ಇನ್ನೊಂದು ಕಡೆ, ಬೆಳೆದು ಹೋದರು. ಎಷ್ಟು ಜನ ಬಿಟ್ಟರು ಅನ್ನೋ ಲೆಕ್ಕ ಹೆಚ್‌ಆರ್ ಇಡುತ್ತೆ. ಹೇಗೆ ಬಿಟ್ಟರು ಅನ್ನೋದು ಮಾತ್ರ ಮ್ಯಾನೇಜರ್ ಕೈಯಲ್ಲಿರೋದು.

ಮಾರನೇ ದಿನ ಆ ಹುಡುಗಿಯನ್ನು ಕಾಫಿಗೆ ಕರೆದು ಕೇಳಿದೆ. 'ಟೆಸ್ಟಿಂಗ್ ಬಿಟ್ಟು ಬೇರೆ ಕೆಲಸ ಕೊಡಿ ಅಂತ ಎರಡು ಸಲ ಕೇಳಿದ್ದೆ ಸರ್. ನೀವು ನೋಡೋಣ ಅಂದ್ರಿ' ಅಂದಳು. ಹೌದು, ಅಂದಿದ್ದೆ. ಅವಳು ನಿರ್ಧಾರ ಬದಲಿಸಲಿಲ್ಲ. ಉಳಿದ ಐದು ಜನರನ್ನು ಈ ವಾರ ಒಬ್ಬೊಬ್ಬರಾಗಿ ಕಾಫಿಗೆ ಕರೀತಾ ಇದ್ದೀನಿ.