ಹಲಗಲಿಯ ದಂಗೆಗೆ ಹೊಣೆ ಯಾರು?

1857 ಎಂದೊಡನೆ ನಮಗೆ ಮೀರತ್, ದಿಲ್ಲಿ, ಕಾನ್ಪುರ, ಝಾನ್ಸಿಗಳು ನೆನಪಾಗುತ್ತವೆ. ಬಹದ್ದೂರ್ ಷಾ ಜಫರ್, ನಾನಾಸಾಹೇಬ್, ಲಕ್ಷ್ಮೀಬಾಯಿಯರ ಹೆಸರುಗಳು ಬಾಯಿಗೆ ಬರುತ್ತವೆ. ಅದೇ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ಮುಧೋಳ ಸಂಸ್ಥಾನದ ಒಂದು ಸಣ್ಣ ಹಳ್ಳಿ ಇಂಗ್ಲಿಷರ ಕುದುರೆ ದಂಡಿಗೆ ಎದುರು ನಿಂತು ಸುಟ್ಟು ಬೂದಿಯಾಯಿತು. ಆ ಹಳ್ಳಿ ಹಲಗಲಿ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಲಾವಣಿಯೊಂದು ಸೇರಿದ್ದರಿಂದ ಈಗಿನ ಮಕ್ಕಳಿಗೂ ಆ ಹೆಸರು ಗೊತ್ತು. ಆದರೆ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಹಲಗಲಿಯ ನಾಲ್ವರು ಪ್ರಮುಖರು ಯಾರು? ಉತ್ತರವೂ ಸಿದ್ಧ: ಪೂಜೇರಿ ಹನುಮ, ಬಾಲ, ಜಡಗ, ರಾಮ. ಅಲ್ಲಿಗೆ ಹಲಗಲಿ ಮುಗಿಯಿತು.

ಮುಗಿಯಬಾರದು ಎಂಬುದು ಈ ಲೇಖನದ ಉದ್ದೇಶ. ಒಂದು ಊರಿನ ಪರವಾಗಿ ನಾಲ್ವರು ತೀರ್ಮಾನ ತೆಗೆದುಕೊಂಡರು. ಅದರ ಬೆಲೆಯನ್ನು ಇಡೀ ಊರು ತೆತ್ತಿತು. ಹಾಗಾದರೆ ಲೆಕ್ಕ ಒಪ್ಪಿಸಬೇಕಾದವರು ಯಾರು? ಆ ನಾಲ್ವರೇ? ಹುಕುಂ ಹೊರಡಿಸಿದ ಕಂಪನಿ ಸರಕಾರವೇ? ಅಥವಾ ಪ್ರಜೆಗಳ ಮನೆ ಸುಡುವಾಗ ಗಾದಿಯ ಮೇಲೆ ಕುಳಿತೇ ಇದ್ದ ದರಬಾರೇ?

ಮೊದಲು ಘಟನೆಯನ್ನು ನೋಡೋಣ. ಉತ್ತರ ಭಾರತದ ಸಿಪಾಯಿಗಳ ದಂಗೆಯ ಬೆಂಕಿ 1857ರ ಜುಲೈ ಕೊನೆಗೆ ಕೊಲ್ಹಾಪುರದ ಸೈನಿಕ ಠಾಣೆಯನ್ನೂ ತಟ್ಟಿತು. ಕೊಲ್ಹಾಪುರ, ಸಾಂಗಲಿ, ಜಮಖಂಡಿ, ಮುಧೋಳ, ನರಗುಂದ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಸಂಸ್ಥಾನಗಳು. ಈ ಸೀಮೆಯ ಜನರ ಕೈಯಲ್ಲಿ ಬಂದೂಕು, ಕತ್ತಿ, ಈಟಿಗಳು ಇರುವುದೇ ಇಂಗ್ಲಿಷರಿಗೆ ಭಯದ ಸಂಗತಿಯಾಯಿತು. ಜಮಖಂಡಿಯ ಪಟವರ್ಧನ ಅರಸರ ಮೇಲೂ ಅವರಿಗೆ ಗುಮಾನಿಯಿತ್ತು. ನವೆಂಬರ್ 11ರಂದು ಆದೇಶ ಬಂತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ಸರಕಾರಕ್ಕೆ ಒಪ್ಪಿಸಬೇಕು.

ಪೇಟೆಯ ವ್ಯಾಪಾರಿಗೆ ಅಥವಾ ಬನಹಟ್ಟಿ, ರಬಕವಿಗಳ ನೇಕಾರನಿಗೆ ಈ ಹುಕುಂ ಅಷ್ಟೇನೂ ನಾಟಿರಲಾರದು. ಬೇಡರಿಗೆ ಅದು ಬೇರೆಯೇ ಅರ್ಥ ಕೊಟ್ಟಿತು. ಬೀಳಗಿ ಮತ್ತು ಮುಧೋಳದ ನಡುವಿನ ಕುರುಚಲು ಗುಡ್ಡಗಳನ್ನು ಕಂಡವರಿಗೆ ಇದು ತಿಳಿಯುತ್ತದೆ. 2016ರಲ್ಲಿ ಚಿಂಕಾರಗಳಿಗಾಗಿ ಯಡಹಳ್ಳಿ ವನ್ಯಜೀವಿಧಾಮ ಎಂದು ಘೋಷಿಸಿದ ಪ್ರದೇಶ ಅದು. ಬೇಟೆ ಅಲ್ಲಿನ ಬೇಡರ ಬದುಕಾಗಿತ್ತು. ತಳವಾರಿಕೆ, ಊರ ಕಾವಲು ಅವರ ಸೇವೆಯಾಗಿತ್ತು. ಮಹಾನವಮಿಯಲ್ಲಿ ಪೂಜೆಗೊಳ್ಳುವ ಕತ್ತಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದು. ಅದನ್ನು ಕಾರಕೂನನ ಮುಂದಿಟ್ಟು ಬರಿಗೈಯಲ್ಲಿ ಮನೆಗೆ ಬರುವುದೆಂದರೆ ಅನ್ನವನ್ನೂ ಮರ್ಯಾದೆಯನ್ನೂ ಒಟ್ಟಿಗೇ ಬಿಟ್ಟು ಬಂದಂತೆ. ಆದ್ದರಿಂದ ಅವರ ನಿರಾಕರಣೆಯನ್ನು ಬರಿಯ ಹಟಮಾರಿತನ ಎನ್ನಲಾಗದು.

ಮಂಟೂರು, ಬೂದನಿ, ಅಲಗುಂಡಿಗಳ ಬೇಡರೂ ಹಲಗಲಿಯಲ್ಲಿ ಬಂದು ಸೇರಿದರು. ಜಮೀನು ಕಳೆದುಕೊಂಡು ಸರಕಾರದ ಮೇಲೆ ಸಿಟ್ಟಾಗಿದ್ದ ಬಾಬಾಜಿ ನಿಂಬಾಳ್ಕರ ಎಂಬಾತ ಇವರಿಗೆ ಬೆಂಬಲದ ಮಾತು ಕೊಟ್ಟಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಮಾತು ಕೊಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಊರಿಗೆ ದಂಡು ಬಂದಾಗ ಊರಿನೊಳಗೆ ಇದ್ದವರು ಬೇಡರು ಮಾತ್ರ.

ಸಮಾಧಾನದ ಮಾತು ಫಲಿಸದೆ ಹೋದಾಗ ಕರ್ನಲ್ ಮಾಲ್ಕಂ ನೇತೃತ್ವದ ದಕ್ಷಿಣ ಮರಾಠಾ ಅಶ್ವದಳ ನವೆಂಬರ್ 29ರ ರಾತ್ರಿ ಹಲಗಲಿಯನ್ನು ಮುತ್ತಿತು. ಒಳಗಿದ್ದವರು ಮನೆಮಾಳಿಗೆಗಳ ಮರೆಯಿಂದ ಗುಂಡು ಹಾರಿಸಿದರು. ಮರುದಿನ ದಂಡು ಊರಿಗೆ ಬೆಂಕಿಯಿಟ್ಟು ಒಳನುಗ್ಗಿತು. ಸರಕಾರಿ ಲೆಕ್ಕದಂತೆ ಸುಮಾರು 100 ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ ತಿಂಗಳಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಜನರೆದುರಿಗೇ ಗಲ್ಲಿಗೇರಿಸಲಾಯಿತು. ಹುಕುಂ ಹೊರಟು ಗಲ್ಲಿನ ಹಗ್ಗ ಬಿಗಿಯುವವರೆಗೆ ಹಿಡಿದದ್ದು ಸುಮಾರು ಒಂದು ತಿಂಗಳು. ಒಂದು ಹಳ್ಳಿಯ ಗಂಡಸರಲ್ಲಿ ಎಷ್ಟು ಜನ ಉಳಿದಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಸರಕಾರಿ ಕಾಗದದಲ್ಲಿ ಇದು ಕೆಲವು ಸಾಲುಗಳ ಸಂಗತಿ: ದಂಗೆ ಎದ್ದಿತು, ಅಡಗಿಸಲಾಯಿತು. ಹಲಗಲಿ ಉಳಿದದ್ದು ಲಾವಣಿಯಲ್ಲಿ. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಈ ಲಾವಣಿಯನ್ನು ಮೊದಲು ಅಚ್ಚು ಮಾಡಿಸಿದವರಲ್ಲಿ ಮುಂಬಯಿ ಇಲಾಖೆಯ ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಒಬ್ಬ. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಆತ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಹಳ್ಳಿಯನ್ನು ಸುಟ್ಟ ಸರಕಾರದ ನೌಕರನೇ ಹಳ್ಳಿಯ ಅಳಲನ್ನೂ ದಾಖಲಿಸಿದ ವಿಚಿತ್ರವಿದು. ಮುಂದೆ ನಮ್ಮ ಜಾನಪದ ವಿದ್ವಾಂಸ ಬಿ.ಎಸ್. ಗದ್ದಗಿಮಠರ ಮೂಲಕ ಅದು ಕನ್ನಡ ಓದುಗರಿಗೆ ದೊರೆಯಿತು.

ಈ ಲಾವಣಿಯನ್ನು ವೀರಗೀತೆ ಎಂದು ಕರೆಯುವುದು ರೂಢಿ. ವೀರ ಅದರಲ್ಲಿದೆ, ಸಂಶಯವಿಲ್ಲ. ನಾಲ್ವರು ಸೇರಿ ಆಯುಧ ಕೊಡಬಾರದೆಂದು ತೀರ್ಮಾನಿಸಿದ್ದು, ಸಾಹೇಬರ ಬುದ್ಧಿಮಾತನ್ನು ನಂಬದೆ ಗುಂಡು ಹಾರಿಸಿದ್ದು ಎಲ್ಲವೂ ಅಲ್ಲಿದೆ. ‘ಹೆಬಲಕ’, ‘ಕಾರಸಾಹೇಬ’ ಎಂದು ಇಂಗ್ಲಿಷರ ಹೆಸರುಗಳು ನಮ್ಮ ಹಳ್ಳಿಯ ಬಾಯಿಗೆ ಒಗ್ಗಿದ ರೂಪದಲ್ಲಿ ಬರುತ್ತವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ಭಾಗ. ದಂಡು ಊರಿನಿಂದ ಏನೇನು ಒಯ್ದಿತು ಎಂಬುದನ್ನು ಕವಿ ಒಂದೊಂದಾಗಿ ಹೇಳುತ್ತಾನೆ. ಕೊಡಲಿ, ಕುಡಗಳಂಥ ಒಕ್ಕಲುತನದ ಸಾಮಾನು, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಬೆಲ್ಲ, ಉಣ್ಣುವ ಗಂಗಾಳ, ಬೀಸುವ ಕಲ್ಲು, ಹೆಂಗಸರ ಕೊರಳ ತಾಳಿ.

ಇದು ಯಾವ ವೀರಕಾವ್ಯದ ಪಟ್ಟಿ? ಆಸ್ಥಾನದ ಕವಿಯಾಗಿದ್ದರೆ ಆನೆ, ಕುದುರೆ, ಹೊನ್ನಿನ ಲೆಕ್ಕ ಕೊಡುತ್ತಿದ್ದ. ಇದು ಸುಟ್ಟ ಮನೆಯ ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳು ಬೆರಳು ಮಡಿಚಿ ಹೇಳುವ ಲೆಕ್ಕ. ಬೀಸುಕಲ್ಲು ಹೋದರೆ ನಾಳೆ ರೊಟ್ಟಿ ಇಲ್ಲ. ಕುಡ ಹೋದರೆ ಬರುವ ವರ್ಷ ಬೆಳೆ ಇಲ್ಲ. ಲಾವಣಿಕಾರ ನಾಯಕರನ್ನು ಹಳಿಯುವುದಿಲ್ಲ, ಅವರ ಧೈರ್ಯಕ್ಕೆ ಮಸಿ ಬಳಿಯುವುದಿಲ್ಲ. ಹಾಗೆಂದು ಆ ಧೈರ್ಯಕ್ಕೆ ಊರು ತೆತ್ತ ಬೆಲೆಯನ್ನು ಮುಚ್ಚಿಡುವುದೂ ಇಲ್ಲ. ಹೊಗಳಿಕೆ ಮತ್ತು ಲೆಕ್ಕ ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟು ಹೋಗಿದ್ದಾನೆ. ನಮ್ಮ ವೇದಿಕೆಗಳ ಭಾಷಣಕಾರರು ಹೊಗಳಿಕೆಯನ್ನು ಎತ್ತಿಕೊಂಡು ಲೆಕ್ಕವನ್ನು ಅಲ್ಲೇ ಬಿಟ್ಟರು.

ಇಂಥ ಸತ್ಯವನ್ನು ಹೇಳುವ ಎದೆಗಾರಿಕೆ ಲಾವಣಿಗೆ ಬಂದದ್ದು ಅದು ಯಾರ ಆಸ್ಥಾನಕ್ಕೂ ಸೇರದ ಕಲೆಯಾದ್ದರಿಂದ. ಜಾತ್ರೆ, ಉರುಸುಗಳಲ್ಲಿ ದಪ್ಪು, ತುಂತುಣಿಗಳೊಡನೆ ಎರಡು ಮೇಳದವರು ಎದುರುಬದುರು ನಿಂತು ವಾದ ಹೂಡಿ ಹಾಡುವ ಕಲೆ ಅದು. ಒಂದು ಪಕ್ಷ ಹೇಳಿದ್ದನ್ನು ಇನ್ನೊಂದು ಪಕ್ಷ ಪ್ರಶ್ನಿಸಲೇಬೇಕು. ತುರಾಯಿ ಮತ್ತು ಕಲಗಿ ಎಂಬ ಈ ಎರಡು ಪಂಥಗಳ ಮೂಲಪುರುಷರು ತುಕನಗೀರ್ ಎಂಬ ಸಾಧು ಮತ್ತು ಶಾಹ ಅಲಿ ಎಂಬ ಫಕೀರ ಎಂದು ಪರಂಪರೆ ಹೇಳುತ್ತದೆ. ಪಕ್ಕದ ಬಿಜಾಪುರ ಸೀಮೆಯ ಹಲಸಂಗಿಯ ಖಾಜಾಭಾಯಿ ಇದೇ ಕಲೆಯ ಹೆಸರಾಂತ ಕವಿ. ಸಾಧುವೂ ಫಕೀರನೂ ಎದುರುಬದುರು ಕುಳಿತು ಬೆಳೆಸಿದ ಈ ವಾದದ ಸಂಸ್ಕೃತಿಯನ್ನು ಇಂದಿನ ಟಿವಿ ಚರ್ಚೆಗಳ ಜೊತೆ ಹೋಲಿಸಲು ಮನಸ್ಸು ಬರುವುದಿಲ್ಲ.

ಇನ್ನೊಂದು ಸಂಗತಿ. ಇದೇ ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ ಚಕ್ರವರ್ತಿಯ ಆಸ್ಥಾನಕ್ಕೆ ಏರಿದ ಈ ಕವಿ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಎಲ್ಲರ ಶವಗಳ ಮುಂದೆ ಆತ ನಿಲ್ಲಬೇಕಾಗುತ್ತದೆ. ರನ್ನನಿಗೆ ದುರ್ಯೋಧನನ ಛಲದ ಮೇಲೆ ಮೆಚ್ಚುಗೆ ಇದೆ. ಆದರೂ ತನ್ನ ಯುದ್ಧದಲ್ಲಿ ಸತ್ತವರ ಮುಖ ನೋಡದೆ ಮುಂದೆ ಹೋಗಲು ಅವನು ನಾಯಕನನ್ನು ಬಿಡುವುದಿಲ್ಲ. ಸಾವಿರ ವರ್ಷದ ಹಿಂದಿನ ಕಾವ್ಯವೂ ನೂರೈವತ್ತು ವರ್ಷ ದಾಟಿದ ಲಾವಣಿಯೂ ಒಂದೇ ನೆಲದಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿವೆ.

ಈ ಪ್ರಶ್ನೆ ಕೇಳಿದ ತಕ್ಷಣ ಸಮುದಾಯಕ್ಕೆ ದ್ರೋಹ ಬಗೆದಂತೆ ಎಂದು ಸಿಡಿಮಿಡಿಗೊಳ್ಳುವವರಿದ್ದಾರೆ. ಅದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ದೂರದ ಲಾವೋಸಿನ ಗುಡ್ಡಗಾಡಿನ ಹ್ಮೊಂಗ್ ಜನರ ಕತೆ ಕೇಳಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವರನ್ನು ಕಮ್ಯುನಿಸ್ಟರ ವಿರುದ್ಧ ಕಾದಾಟಕ್ಕೆ ಹಚ್ಚಿತು. ಅವರ ಸೇನಾನಿ ಜನರಲ್ ವಾಂಗ್ ಪಾವ್. ಗಂಡಸರು ಸತ್ತು ಮುಗಿದಂತೆ ಎಳೆಯ ಹುಡುಗರೂ ಬಂದೂಕು ಹಿಡಿದರು. 1975ರ ಮೇ ತಿಂಗಳಲ್ಲಿ ಅಮೆರಿಕ ಕೈಬಿಟ್ಟಾಗ ಸೇನಾನಿ ಮತ್ತು ಕೆಲವೇ ಸಾವಿರ ಜನ ವಿಮಾನ ಹತ್ತಿದರು. ಉಳಿದವರು ಕಾಡು ಹಿಡಿದರು, ಮೆಕಾಂಗ್ ನದಿ ಈಜಿದರು, ಎಷ್ಟೋ ಮಂದಿ ಮುಳುಗಿದರು. ಅಮೆರಿಕ ಸೇರಿದ ಹ್ಮೊಂಗ್ ಹಿರಿಯರಿಗೆ ವಾಂಗ್ ಪಾವ್ ತಂದೆಯ ಸಮಾನ. ಅಲ್ಲೇ ಹುಟ್ಟಿ ಬೆಳೆದ ಕೆಲವು ಯುವಕರು ಮಾತ್ರ ಕೇಳಿದರು: ಯಾರ ಯುದ್ಧಕ್ಕೆ ನಮ್ಮವರು ಸತ್ತರು? ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಒಂದು ಶಾಲೆಗೆ ಅವರ ಹೆಸರಿಡಲು ತೀರ್ಮಾನಿಸಿ, ಲಾವೋಸ್ ಸರಕಾರವನ್ನು ಉರುಳಿಸುವ ಸಂಚಿನ ಆರೋಪದಲ್ಲಿ ಅವರು 2007ರಲ್ಲಿ ಬಂಧಿತರಾದಾಗ ಆ ತೀರ್ಮಾನ ಕೈಬಿಡಲಾಯಿತು. 2009ರಲ್ಲಿ ಆರೋಪವನ್ನೇ ಹಿಂತೆಗೆದುಕೊಂಡರು. 2011ರಲ್ಲಿ ಅವರು ತೀರಿಕೊಂಡಾಗ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಜಾಗ ಕೊಡಲು ಅಮೆರಿಕ ಒಪ್ಪಲಿಲ್ಲ. ದುಡಿಸಿಕೊಂಡ ಸರಕಾರ ಕೊನೆಗೂ ಲೆಕ್ಕ ಕೊಡಲಿಲ್ಲ.

ಹ್ಮೊಂಗ್ ಹೆಂಗಸರು ನಿರಾಶ್ರಿತರ ಶಿಬಿರಗಳಲ್ಲಿ ಕುಳಿತು ಬಟ್ಟೆಯ ಮೇಲೆ ಸೂಜಿದಾರದಿಂದ ತಮ್ಮ ಕತೆ ಬಿಡಿಸಿದರು. ಬಾಂಬು ಸುರಿಸುವ ವಿಮಾನ, ಮೂಟೆ ಹೊತ್ತ ತಾಯಿ, ನದಿ ದಾಟುವ ಮಕ್ಕಳು. ಬಹುಪಾಲು ಇರುವುದು ಇಂಥ ಸಾಮಾನ್ಯರೇ. ಹಲಗಲಿಯ ಬೀಸುಕಲ್ಲಿಗೂ ಆ ಮೂಟೆಗೂ ಹೆಚ್ಚು ದೂರವಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಕಂಪನಿ ಸರಕಾರದ ಹೊಣೆ ಸ್ಪಷ್ಟ. ಆಯುಧ ಕೊಡದವರನ್ನು ಹಿಡಿಯುವುದು ಬೇರೆ, ಹೆಂಗಸರು ಮಕ್ಕಳಿದ್ದ ಊರಿಗೆ ಬೆಂಕಿ ಇಡುವುದು ಬೇರೆ. ದರಬಾರಿನ ಹೊಣೆಯ ಬಗ್ಗೆ ಮಾತ್ರ ನಮ್ಮಲ್ಲಿ ಮೌನವಿದೆ. ಆಯುಧ ಒಪ್ಪಿಸಿ ಎಂಬ ಹುಕುಮನ್ನು ಜಾರಿ ಮಾಡಲು ಹೊರಟದ್ದು ಸಂಸ್ಥಾನದ ಆಡಳಿತ. ಆ ಬೇಡರು ಘೋರ್ಪಡೆ ಅರಸರ ಪ್ರಜೆಗಳು, ಅವರ ಊರುಗಳ ಕಾವಲುಗಾರರು. ಪ್ರಜೆಗಳು ಸತ್ತರು, ಸಂಸ್ಥಾನ ಉಳಿಯಿತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ, ಮತ್ತೆ ತೊಂಬತ್ತು ವರ್ಷ, ಗಾದಿ ಗಟ್ಟಿಯಾಗಿಯೇ ಇತ್ತು.

ಆ ನಾಲ್ವರು? ಕೋಟೆ, ಫಿರಂಗಿ, ಮಿತ್ರರು ಯಾವುದೂ ಇಲ್ಲದೆ ಒಂದು ಹಳ್ಳಿಯನ್ನು ಸಾಮ್ರಾಜ್ಯದ ಎದುರು ನಿಲ್ಲಿಸಿದ್ದು ದುಡುಕು ಎಂದು ಇಂದು ಹೇಳುವುದು ಸುಲಭ. ಕೋಟೆಯೂ ಫಿರಂಗಿಯೂ ಇದ್ದವರು ಏನು ಮಾಡಿದರು? ಆರು ತಿಂಗಳ ನಂತರ ನರಗುಂದದ ಬಾಬಾಸಾಹೇಬ ಭಾವೆ ದಂಗೆ ಎದ್ದರು. ಇದೇ ಮಾಲ್ಕಂನ ದಂಡು ಬಂದಾಗ ರಾತ್ರಿ ಕೋಟೆ ಬಿಟ್ಟರು, ಸಿಕ್ಕಿಬಿದ್ದರು, 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಅವರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿದರು. ಭಾವೆಯವರ ತ್ಯಾಗ ಸಣ್ಣದಲ್ಲ. ಆದರೆ ಹಲಗಲಿಯ ನಾಲ್ವರು ಹಿಂದೆ ಉಳಿದವರನ್ನು ಬಿಟ್ಟು ಹೊರಡಲಿಲ್ಲ. ಊರಿಗೆ ಬಂದದ್ದೇ ಅವರಿಗೂ ಬಂತು. ಅವರ ತೀರ್ಮಾನವನ್ನು ಪ್ರಶ್ನಿಸಬಹುದು, ಪ್ರಶ್ನಿಸಬೇಕು ಕೂಡ. ಅವರು ಲೆಕ್ಕ ತೆತ್ತಿಲ್ಲ ಎನ್ನಲು ಮಾತ್ರ ನನ್ನಿಂದ ಆಗದು. ಲಾವಣಿಕಾರ ಅವರನ್ನು ಹಳಿಯದೆ ಬಿಟ್ಟದ್ದೂ ಬಹುಶಃ ಇದಕ್ಕೇ.

ಬದುಕಿ ಉಳಿದವರ ಕತೆಯನ್ನು ಬರೆದವರು ಕಡಿಮೆ. ಇಂಗ್ಲಿಷ್ ಸರಕಾರ ಮುಂದೆ ಈ ಸೀಮೆಯ ಬೇಡ ಸಮುದಾಯವನ್ನು ಕಳ್ಳಕಾಕರ ಪಟ್ಟಿಯ ಕಣ್ಣಿನಿಂದಲೇ ನೋಡಿತು. ಎಲ್ಲಿ ಕಳವಾದರೂ ಪೊಲೀಸರು ಮೊದಲು ಬೇಡರ ಹಟ್ಟಿಗೆ ಬರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಆ ಗುಮಾನಿ ಹೇಗೆ ಬೆನ್ನು ಬಿಡಲಿಲ್ಲ ಎಂಬುದನ್ನು ಬೆಳಗಾವಿ ಸಮೀಪದ ಭೀಮರಾವ್ ಗಸ್ತಿ ಮರಾಠಿಯಲ್ಲಿ ಬರೆದ ‘ಬೇರಡ’ ಆತ್ಮಕತೆಯಲ್ಲಿ ಓದಬಹುದು. ಒಂದು ಕಡೆ ಪಠ್ಯಪುಸ್ತಕದಲ್ಲಿ ಸ್ವಾತಂತ್ರ್ಯವೀರರು, ಇನ್ನೊಂದು ಕಡೆ ಠಾಣೆಯಲ್ಲಿ ಶಂಕಿತರು.

ಸೆರೆಯಾದ 290 ಜನರ ಮನೆಗಳು ಮುಂದೆ ಏನಾದವು? ವಿಧವೆಯರು ಎಲ್ಲಿ ಹೋದರು? ಮಂಟೂರು, ಅಲಗುಂಡಿಗಳಿಂದ ಬಂದು ಸತ್ತವರ ಹೆಸರುಗಳು ಏನು? ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿಗಳಲ್ಲಿ ಇಂದು ಕಾಲೇಜುಗಳಿವೆ, ಇತಿಹಾಸದ ಅಧ್ಯಾಪಕರಿದ್ದಾರೆ, ಬೈಕಿನಲ್ಲಿ ಹಳ್ಳಿ ಸುತ್ತಬಲ್ಲ ವಿದ್ಯಾರ್ಥಿಗಳಿದ್ದಾರೆ. ಆ ಮನೆತನಗಳ ಹಿರಿಯರ ಎದುರು ಕುಳಿತು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಮೊದಲು ಹೆಣ್ಣುಮಕ್ಕಳನ್ನು ಮಾತನಾಡಿಸಲಿ. ಬೀಸುಕಲ್ಲು ಹೋದದ್ದನ್ನು ನೆನಪಿಟ್ಟುಕೊಂಡಿರುವವರು ಅವರೇ.