ಜರ್ಮನಿಯಲ್ಲಿ ಆಂಗ್ಲ ಮಾಧ್ಯಮದ ಸ್ನಾತಕೋತ್ತರ ವ್ಯಾಸಂಗ: ವೆಚ್ಚ ಮತ್ತು ಅರ್ಜಿ ವಿಧಾನ

ಪೀಠಿಕೆ

ವಿದೇಶದಲ್ಲಿ ಕಡಿಮೆ ವೆಚ್ಚದಲ್ಲಿ ಆಂಗ್ಲ ಮಾಧ್ಯಮದ ಸ್ನಾತಕೋತ್ತರ ಪದವಿ ಪಡೆಯಲು ಇದ್ದ ಅವಕಾಶಗಳು ಕ್ರಮೇಣ ಕಡಿಮೆಯಾಗಿವೆ. ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸ್ವೀಡನ್ 2011ರಿಂದ, ಫಿನ್ಲೆಂಡ್ 2017ರಿಂದ ಹಾಗೂ ನಾರ್ವೆ 2023ರಿಂದ ಬೋಧನಾ ಶುಲ್ಕ ವಿಧಿಸುತ್ತಿವೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಶುಲ್ಕವಿಲ್ಲ. ಆದರೆ ಶುಲ್ಕವಿಲ್ಲವೆಂದರೆ ವೆಚ್ಚವಿಲ್ಲವೆಂದು ಅರ್ಥವಲ್ಲ. ವೀಸಾ ದೊರೆಯುವ ಮೊದಲೇ ಒಂದು ವರ್ಷದ ಜೀವನ ವೆಚ್ಚವನ್ನು ಹೊಂದಿಸಬೇಕಾಗುತ್ತದೆ. ಆದುದರಿಂದ ಸಾಲ ಪಡೆಯುವ ಅಥವಾ ಆಸ್ತಿ ಅಡವಿಡುವ ಮುನ್ನ ಪೋಷಕರು ಮತ್ತು ವಿದ್ಯಾರ್ಥಿಗಳು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

ಬೋಧನಾ ಶುಲ್ಕ

1. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಭಾರತವೂ ಸೇರಿದಂತೆ ಹೊರದೇಶಗಳ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ನಾಲ್ಕು ಸೆಮಿಸ್ಟರ್‌ಗಳಿಗೆ ಇದು 6,000 ಯೂರೋ ಆಗುತ್ತದೆ.
2. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಇಂತಹ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಪ್ರತಿ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ ನಿಗದಿಪಡಿಸಿದೆ.
3. ಖಾಸಗಿ ವಿಶ್ವವಿದ್ಯಾಲಯಗಳು ಶುಲ್ಕ ವಿಧಿಸುತ್ತವೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿಯೂ ಉದ್ಯೋಗಸ್ಥರಿಗಾಗಿ ರೂಪಿಸಿದ ಕೆಲವು ಕೋರ್ಸುಗಳಿಗೆ ಪ್ರತ್ಯೇಕ ಶುಲ್ಕವಿರುತ್ತದೆ.
4. ಶುಲ್ಕವಿಲ್ಲದ ಕಡೆಯಲ್ಲಿಯೂ ಸೆಮಿಸ್ಟರ್ ವಂತಿಗೆಯನ್ನು ಪಾವತಿಸಬೇಕು. ಅನೇಕ ಕಡೆ ಇದರಲ್ಲಿ ಸಾರ್ವಜನಿಕ ಸಾರಿಗೆಯ ಪಾಸ್ ಸೇರಿರುತ್ತದೆ.

ಕೋರ್ಸುಗಳ ಭಾಷೆ, ಶುಲ್ಕ ಹಾಗೂ ಕೊನೆಯ ದಿನಾಂಕವನ್ನು ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆಯ (ಡಿಎಎಡಿ) ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು.

ಜೀವನ ವೆಚ್ಚದ ಪುರಾವೆ

ಬ್ಲಾಕ್ಡ್ ಅಕೌಂಟ್ ಎಂದು ಕರೆಯಲಾಗುವ ನಿರ್ಬಂಧಿತ ಖಾತೆಯಲ್ಲಿ ಒಂದು ವರ್ಷಕ್ಕೆ ಬೇಕಾದ ಮೊತ್ತವನ್ನು ಠೇವಣಿ ಇಡುವುದು ರೂಢಿಯಲ್ಲಿರುವ ಕ್ರಮ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ವಿದ್ಯಾರ್ಥಿಯು ಇದರಿಂದ ತಿಂಗಳಿಗೆ 992 ಯೂರೋ ಪಡೆಯಬಹುದು. ಇದು ಶುಲ್ಕವಲ್ಲ, ವಿದ್ಯಾರ್ಥಿಯ ಸ್ವಂತ ಹಣ. ಮ್ಯೂನಿಕ್‌ನಂತಹ ನಗರಗಳಲ್ಲಿ ಬಾಡಿಗೆ ದುಬಾರಿಯಾಗಿದ್ದು, ಈ ಮೊತ್ತ ಸಾಲದೇ ಹೋಗಬಹುದು. ಪೂರ್ವ ಭಾಗದ ಕೆಮ್ನಿಟ್ಸ್, ಮಾಗ್ಡೆಬುರ್ಗ್ ಮುಂತಾದ ನಗರಗಳಲ್ಲಿ ಬಾಡಿಗೆ ಕಡಿಮೆ. ಆರೋಗ್ಯ ವಿಮೆ ಕಡ್ಡಾಯ.

2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಆದರೆ ಮುಂದೆ ದುಡಿಯುವ ನಿರೀಕ್ಷೆಯನ್ನು ವೀಸಾ ಅರ್ಜಿಗೆ ಹಣದ ಪುರಾವೆಯಾಗಿ ತೋರಿಸಲಾಗದು. ಪಾಠ ಆಂಗ್ಲದಲ್ಲಿದ್ದರೂ ಅರೆಕಾಲಿಕ ಕೆಲಸಕ್ಕೆ ಜರ್ಮನ್ ಭಾಷೆಯ ಅರಿವು ಬಹಳ ಉಪಯುಕ್ತ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈ ಭಾಷೆಯನ್ನು ಕಲಿಯಬಹುದು.

ಅರ್ಜಿ ಸಲ್ಲಿಸುವ ವಿಧಾನ

1. ಎಪಿಎಸ್ ಪ್ರಮಾಣಪತ್ರ: ಪದವಿ ದಾಖಲೆಗಳ ನೈಜತೆಯನ್ನು ದೃಢೀಕರಿಸುವ ಈ ಪತ್ರವು 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಕಡ್ಡಾಯವಾಗಿದೆ. ಪ್ರವೇಶಕ್ಕೂ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಕೇಳುವುದರಿಂದ ಮೊದಲು ಇದಕ್ಕೆ ಅರ್ಜಿ ಸಲ್ಲಿಸುವುದು ಒಳಿತು.
2. ಆಂಗ್ಲ ಭಾಷಾ ಪರೀಕ್ಷೆ: ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಂಕಗಳು ಸಾಮಾನ್ಯವಾಗಿ ಬೇಕಾಗುತ್ತವೆ.
3. ಪ್ರವೇಶ ಅರ್ಜಿ: ನೇರವಾಗಿ ವಿಶ್ವವಿದ್ಯಾಲಯಕ್ಕೆ ಅಥವಾ ಯೂನಿ-ಅಸಿಸ್ಟ್ ಮೂಲಕ ಸಲ್ಲಿಸಬೇಕು. ಯೂನಿ-ಅಸಿಸ್ಟ್‌ನಲ್ಲಿ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ನಂತರದ ಪ್ರತಿ ಅರ್ಜಿಗೆ 30 ಯೂರೋ. ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15 ಸಾಮಾನ್ಯ ಕೊನೆಯ ದಿನಾಂಕ. ಹಲವು ಆಂಗ್ಲ ಮಾಧ್ಯಮದ ಕೋರ್ಸುಗಳಿಗೆ ಇದಕ್ಕಿಂತ ಬಹಳ ಮುಂಚೆಯೇ ಅವಧಿ ಮುಗಿಯುತ್ತದೆ.
4. ವೀಸಾ: ಕರ್ನಾಟಕದ ನಿವಾಸಿಗಳು ಬೆಂಗಳೂರಿನ ಜರ್ಮನ್ ಪ್ರಧಾನ ದೂತಾವಾಸದ ವ್ಯಾಪ್ತಿಗೆ ಒಳಪಡುತ್ತಾರೆ.

ನೆರವು

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ, ಪರಿಶಿಷ್ಟ ಜಾತಿ ಮತ್ತು ಇತರ ಕೆಲವು ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆ. ಆಯಾ ವರ್ಷದ ಪ್ರಕಟಣೆಯಲ್ಲಿನ ಷರತ್ತುಗಳನ್ನು ಓದಿಯೇ ಅರ್ಜಿ ಸಲ್ಲಿಸತಕ್ಕದ್ದು.

ಗಮನಿಸಿ

ಪ್ರವೇಶಕ್ಕೆ ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ. ಮೇಲಿನ ಎಲ್ಲ ಅರ್ಜಿಗಳನ್ನೂ ವಿದ್ಯಾರ್ಥಿಯೇ ಸಲ್ಲಿಸಬಹುದು. ಮಧ್ಯವರ್ತಿಗಳು ಸೂಚಿಸಿದ ಸಂಸ್ಥೆ ಸರ್ಕಾರಿಯೋ ಖಾಸಗಿಯೋ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂಗಡ ಹಣ ಪಾವತಿಸಬಾರದು. ಶುಲ್ಕ ಮತ್ತು ಠೇವಣಿ ಮೊತ್ತಗಳು ಬದಲಾಗುವುದರಿಂದ ಅರ್ಜಿಗೆ ಮುನ್ನ ಆಯಾ ಸಂಸ್ಥೆಯ ಅಧಿಕೃತ ಜಾಲತಾಣವನ್ನು ನೋಡುವುದು.